ಕೊನೆಯ ಪುಟದ ಪೆನ್ಸಿಲ್

ಪೆರ್ಲದ ಪೇಟೆಯಲ್ಲಿ, ಹಿಟ್ಟಿನ ಗಿರಣಿಯ ಮಾಳಿಗೆ.
ಕೆಳಗೆ ಗಿರಣಿ ತಿರುಗಿದರೆ ಮೇಲೆ ಕ್ಯಾಲ್ಕುಲೇಟರು ನಡುಗುತ್ತದೆ.
ಹಾಸಿಗೆ ಹಿಡಿದವರ ಆರೈಕೆಗೆಂದು ಇರುವ ಸಂಘದ ಆಫೀಸು:
ಎರಡು ಕಪಾಟು, ಮೊಳೆಗೆ ನೇತುಹಾಕಿದ ವ್ಯಾನಿನ ಕೀಲಿ,
ಹನ್ನೊಂದು ವರ್ಷದ ಲೆಕ್ಕ.

ನಾನು ಬಂದದ್ದು ಒಂದು ಪ್ರಶ್ನೆ ಹಿಡಿದು.
ಸರಕಾರದ ದುಡ್ಡು ತಡವಾದರೆ
ಸಣ್ಣ ಸಂಘವೊಂದು ಎಷ್ಟು ದಿನ ಉಸಿರಾಡೀತು?
ಸೂತ್ರವಿದೆ ಇದಕ್ಕೆ. ಕೈಯಲ್ಲಿರುವ ನಗದನ್ನು
ದಿನದ ಖರ್ಚಿನಿಂದ ಭಾಗಿಸಬೇಕು, ಅಷ್ಟೆ.
ಎಂಬತ್ತನಾಲ್ಕು ಸಂಘಗಳನ್ನು ಹೀಗೆ ಭಾಗಿಸಿ ಬಂದವಳು:
ನಲವತ್ತು ದಿನ, ಹದಿನೇಳು, ಒಂಬತ್ತು.
ಇಲ್ಲಿ ಬಂದ ಉತ್ತರ ಸೊನ್ನೆ ದಶಾಂಶ ಆರು.
ಅಂದರೆ ಪ್ರತಿದಿನ ಮಧ್ಯಾಹ್ನ ಎರಡೂವರೆಯೊಳಗೆ
ಈ ಸಂಘ ಸಾಯಬೇಕು.
ಎರಡೂವರೆಗೆ ಐತಪ್ಪ ಶೆಟ್ಟಿಗಾರರು
ಫ್ಲಾಸ್ಕು ತೆರೆದು ಚಹಾ ಬಗ್ಗಿಸುತ್ತಾರೆ.

‘ಆ ಬಿಂದು ತೆಗೆದುಬಿಡು, ರೇಖೆ ಕೆಡುತ್ತಿದೆ’
ಎಂದು ಗೈಡಿನ ಮೇಲ್ ಬಂದಿದೆ.

ಪಂಚಾಯತಿನ ಬಜೆಟ್ಟು ಮಲಯಾಳದಲ್ಲಿ,
ದಾನಿಗಳ ಕರಾರು ಇಂಗ್ಲಿಷಿನಲ್ಲಿ,
ಕ್ಯಾಶ್‌ಬುಕ್ಕು ಐತಪ್ಪರ ದುಂಡು ಕನ್ನಡದಲ್ಲಿ,
ದುಡ್ಡು ಬಾರದ ಜಗಳ ಮಾತ್ರ ತುಳುವಿನಲ್ಲಿ.
ಒಂದೂವರೆ ಲಕ್ಷವೆಂಬುದು ಇಷ್ಟು ಮನೆ ಹೊಕ್ಕು ಹೊರಬರುವಷ್ಟರಲ್ಲಿ
ತೊಂಬತ್ತೆರಡು ಸಾವಿರವಾಗಿರುತ್ತದೆ.
ಯಾರೂ ಕದ್ದಿರುವುದಿಲ್ಲ.
ಹಾಗೆಂದು ಪುಟಗಟ್ಟಲೆ ರುಜುವಾತು ಮಾಡಿದ್ದೇನೆ.

ಮಾರ್ಚ್ ಮೂವತ್ತೊಂದರ ರಾತ್ರಿ
ಹನ್ನೊಂದೂ ಐವತ್ತಕ್ಕೆ ಮಂಜೂರಾತಿ,
ಹನ್ನೆರಡಕ್ಕೆ ಖಜಾನೆಯ ಕಂಪ್ಯೂಟರು ಕಣ್ಣು ಮುಚ್ಚುತ್ತದೆ.
‘ಲ್ಯಾಪ್ಸ್’ ಎಂಬುದಕ್ಕೆ ಕನ್ನಡ ಹುಡುಕುತ್ತಿದ್ದೆ.
‘ಬಟ್ಟಲಿನವರೆಗೆ ಬಂದ ಗಂಜಿ
ತಿಂಗಳು ಮುಗಿಯಿತೆಂದು ಸೌಟಿನಲ್ಲೇ ವಾಪಸು ಹೋಯಿತು,
ಹಾಗೆ ಬರೆಯಿರಿ’ ಎಂದರು ಐತಪ್ಪ.
ಬರೆಯಲಿಲ್ಲ. ಅಡಿಟಿಪ್ಪಣಿಗೆ ಉದ್ದವಾಗುತ್ತಿತ್ತು.

ಏಪ್ರಿಲ್: ಜಮೆ ಸೊನ್ನೆ. ಮೇ: ಸೊನ್ನೆ.
ಜೂನ್ ಹತ್ತರವರೆಗೂ ಸೊನ್ನೆ.
ವ್ಯಾನಿನ ಲಾಗ್‌ಬುಕ್ಕಿನಲ್ಲಿ ಮಾತ್ರ
ಒಂದು ದಿನವೂ ಖಾಲಿಯಿಲ್ಲ.
‘ಡೀಸೆಲ್ ಎಲ್ಲಿಂದ?’
ಐತಪ್ಪ ಕಿವಿ ತುರಿಸಿಕೊಂಡರು.
ಮೂಲೆಯಲ್ಲಿ ಡಯಾಪರು ಎಣಿಸುತ್ತಿದ್ದ ನರ್ಸ್ ಫ್ಲೋಸಿ
ಎಣಿಕೆ ತಪ್ಪದಂತೆ ಒಂದು ಬೆರಳು ಒತ್ತಿಹಿಡಿದು ಅಂದಳು:
‘ಪುಸ್ತಕ ತಲೆಕೆಳಗು ಮಾಡಿ ನೋಡಿ.’

ಹಿಂದಿನಿಂದ ಮೊದಲ ಪುಟ. ಪೆನ್ಸಿಲ್.
ಫ್ಲೋಸಿ, ಚೀಟಿ ಎತ್ತಿದ್ದು, ೬೦೦೦.
ಔಷಧಿಯಂಗಡಿ ಕುಂಞಾಮು, ಬಕ್ರೀದಿನವರೆಗೆ ಕೇಳುವುದಿಲ್ಲ.
ಬಾಳಿಗರ ಪಂಪು, ನಲವತ್ತು ಲೀಟರು, ಬಾಯಿಮಾತು.
ಡ್ರೈವರ್ ಈಶ್ವರ ನಾಯ್ಕ: ತನಗೆ ಬರಬೇಕಾದ ಸಂಬಳವನ್ನು
ತಾನೇ ಸಂಘಕ್ಕೆ ಸಾಲ ಕೊಟ್ಟದ್ದು.
ತೀರಿದ್ದನ್ನೆಲ್ಲ ರಬ್ಬರಿನಿಂದ ಉಜ್ಜಿ ಉಜ್ಜಿ
ಕಾಗದದ ಆಚೆ ಕಿಟಕಿ ಕಾಣುತ್ತಿತ್ತು.

‘ಇದನ್ನು ಬರೆದರೆ ಆಡಿಟಿನವರು ನಮ್ಮ ನೋಂದಣಿ ಕೀಳುತ್ತಾರೆ.
ಬರೆಯದಿದ್ದರೆ ನಿಮಗೆ ಡಾಕ್ಟರು ಸಿಗುವುದಿಲ್ಲ.
ಎರಡೂ ಬದಿ ತಾಳೆಯಾಗುವ ಎಂಟ್ರಿ
ನನ್ನ ನಲವತ್ತು ವರ್ಷದ ಗುಮಾಸ್ತಗಿರಿಯಲ್ಲಿ ಕಂಡಿಲ್ಲಮ್ಮ.’
ನಾನು ಲ್ಯಾಪ್‌ಟಾಪು ಮುಚ್ಚಿದೆ.
ಮುಚ್ಚಿದ್ದು ಉತ್ತರವೇನೂ ಅಲ್ಲ.
ಕಾಸರಗೋಡಿನ ಬಸ್ಸಿಗೆ ಹೊತ್ತಾಗಿತ್ತು.

ಮೆಟ್ಟಿಲ ಬಳಿ ಪರ್ಸು ತಡಕಿದೆ.
ಫೆಲೋಶಿಪ್ಪು ಬಾರದೆ ಏಳನೆಯ ತಿಂಗಳು;
ಮಂಜೂರಾಗಿದೆ, ಬಿಡುಗಡೆಯಾಗಿಲ್ಲ.
ಈ ಎರಡು ಪದಗಳ ನಡುವಿನ ವ್ಯತ್ಯಾಸ
ನನ್ನ ಪ್ರಬಂಧದ ಮೂರನೆಯ ಅಧ್ಯಾಯ.
ಐತಪ್ಪ ಏನೂ ಕೇಳಲಿಲ್ಲ.
ಪುಸ್ತಕ ತಲೆಕೆಳಗು ಮಾಡಿ
ಪೆನ್ಸಿಲಿನ ತುದಿ ನಾಲಗೆಗೆ ತಾಗಿಸಿ ಬರೆದರು:
ರಿಸರ್ಚಿನವರು, ಬಸ್ಸಿಗೆ, ೫೦.

ಗಿರಣಿ ಆಗಲೇ ನಿಂತಿತ್ತು.
‘ಹೋದ ವಾರದ್ದೂ ಸೇರಿ ತೊಂಬತ್ತು’ ಎಂದರು,
ಕೂಡಿಸಿ, ಇನ್ನೊಮ್ಮೆ ಕೂಡಿಸಿ.