ತೆಳು ವರ್ಷ

ಆಟಿ ತಿಂಗಳು. ಮಲ್ಪೆ ಬಂದರಿನಲ್ಲಿ ಬೋಟುಗಳು
ಟಾರ್ಪಾಲು ಹೊದ್ದು ಮೈಗೆ ಮೈ ತಾಗಿಸಿ ನಿಂತಿವೆ.
ದೂಮ ಮಾವನ ಐಸ್ ಪ್ಲಾಂಟಿನಲ್ಲಿ ಒಂದೇ ಕಂಪ್ರೆಸರು ಕೆಮ್ಮುತ್ತಿದೆ,
ನಾಡದೋಣಿಯವರಿಗೆಂದು ದಿನಕ್ಕೆ ಹತ್ತು ಗಡ್ಡೆ.

ಲಾಹೌಲಿನಿಂದ ಬಂದ ನಾನು ಫೋನಿನಲ್ಲಿ ತೋರಿಸಿದೆ:
ಹಿಮನದಿಯ ಬೆನ್ನು ಕೊರೆದು ತೆಗೆದ ಕೋಲು,
ತೋಳಿನಷ್ಟು ದಪ್ಪ, ಒಳಗೆ ಮಸುಕು ಗೆರೆ, ಗೆರೆ.
"ಎಷ್ಟು ಹಳತು?"
"ತಳದ್ದು ನಾನೂರು ವರ್ಷ."
ಮಾವ ಬೀಡಿ ಕಿವಿಗೆ ಸಿಕ್ಕಿಸಿ ನಕ್ಕ:
"ನಮ್ಮಲ್ಲಿ ಎರಡು ದಿನ ಹಳತಾದರೆ
ಬಂಗುಡೆಯೂ ಮುಟ್ಟುವುದಿಲ್ಲ."

ಹೇಳಿದೆ: ಕಡಲಿನಿಂದ ಎದ್ದ ಮೋಡದಲ್ಲಿ ಎರಡು ಬಗೆ ನೀರು,
ತುಸು ಭಾರದ್ದು, ತುಸು ಹಗುರದ್ದು.
ಭಾರದ್ದಕ್ಕೆ ಅವಸರ. ಇಲ್ಲೇ, ಈ ಶೀಟಿನ ಮೇಲೆ,
ಕಾಪುವಿನ ದೀಪಸ್ತಂಭದ ಮೇಲೆ
ಹೆಚ್ಚಿನದು ಸುರಿದುಬಿಡುತ್ತದೆ.
ಹಗುರದ್ದು ಬೆಟ್ಟ ಹತ್ತಿ ಹತ್ತಿ
ಕೊನೆಗೆ ಹಿಮವಾಗಿ ಕೂರುತ್ತದೆ.
ಒಂದು ಚೂರು ಕರಗಿಸಿ ತೂಗಿದರೆ ತಿಳಿಯುತ್ತದೆ,
ಯಾವ ಕಡಲು, ಯಾವ ಕಾಲ. ಅಂದಾಜಿಗೆ.

"ಅಂದರೆ ನಮ್ಮ ಕಡಲೂ ಅಲ್ಲಿದೆಯೋ?"
"ಇರಬಹುದು. ಕೆಲವು ಗೆರೆಗಳಲ್ಲಿ."

ಕೊಕ್ಕೆ ಹಾಕಿ ಒಂದು ಗಡ್ಡೆ ಎಳೆದು ನಿಲ್ಲಿಸಿದ.
ಅಂಚು ಗಾಜು, ನಡುವೆ ಹಾಲಿನಂಥ ಬಿಳುಪು.
"ಅದು ಉಸಿರು," ಅಂದ, "ಹೊರಗೆ ದಾರಿ ಸಿಗದ್ದು."
ನಲವತ್ತು ವರ್ಷ ಐಸು ಮಾಡಿದವನಿಗೆ
ನಾನು ಕಲಿಸುವುದು ಅಷ್ಟೇನೂ ಇರಲಿಲ್ಲ.

ಆಮೇಲೆ ಫೋನಿನ ಮೇಲೆ ಒದ್ದೆ ಬೆರಳಿಟ್ಟ:
"ಕೆಳಗಿನ ಗೆರೆ ಇಷ್ಟು ತೆಳು. ಆಗ ಹಿಮವೇ ಬಿದ್ದಿಲ್ಲವೋ?"
ಬಿದ್ದಿದೆ ಮಾವ. ಮೇಲೆ ಕೂತ ವರ್ಷಗಳ ಭಾರಕ್ಕೆ
ಒತ್ತಿ ಒತ್ತಿ ಹಪ್ಪಳವಾಗಿದೆ.
ಅಳೆದದ್ದನ್ನು ಹಾಗೇ ನಂಬುವಂತಿಲ್ಲ,
ಹಿಗ್ಗಿಸಿ ನೋಡಬೇಕು. ಅದಕ್ಕೊಂದು ಲೆಕ್ಕವಿದೆ.
ಗಾಳಿ ಗುಡಿಸಿಕೊಂಡು ಹೋದ ಹಿಮಕ್ಕೆ ಮಾತ್ರ
ಗೆರೆಯೂ ಇಲ್ಲ, ಲೆಕ್ಕವೂ ಇಲ್ಲ.

ಮಾವ ಸುಮ್ಮನಾದ.
ಸಣ್ಣ ಮಾವ ಸೂರ ಹೋದ ವರ್ಷವನ್ನು
ಅವನು ನನಗೆ ಹೇಳಿದ್ದು ಒಂದೇ ಸಲ, ಒಂದೇ ಸಾಲು:
"ಆ ಸಲ ದೋಣಿ ಬರಲಿಲ್ಲ."
ಇಷ್ಟು ದಿನ ನಾನದನ್ನು
ಸ್ವಲ್ಪವೇ ಸುರಿದ ವರ್ಷವೆಂದು ಓದಿದ್ದೆ.

ಕ್ರಷರು ಹಾಕಿದ. ಗಡ್ಡೆ ಗರಗರ ಪುಡಿಯಾಗಿ
ಉಸಿರು ಸಮೇತ ಬುಟ್ಟಿಗೆ ಬಿತ್ತು.
"ಆ ಲೆಕ್ಕ," ಸದ್ದಿನ ಮೇಲೆ ಕೂಗಿದ, "ಕಷ್ಟವೋ?"
ಉತ್ತರಕ್ಕೆ ನಿಲ್ಲಲಿಲ್ಲ;
ಬಾಗಿಲಲ್ಲಿ ನಾಡದೋಣಿಯವರು
ಕ್ರೇಟು ತಲೆ ಮೇಲೆ ಹಿಡಿದು ನೆನೆಯುತ್ತಿದ್ದರು,
ಭಾರದ ನೀರಿನಲ್ಲಿ.