ಒಳಹೊಲಿಗೆ

ಹನ್ನೊಂದು ವರ್ಷ ಗುಡಾರ ಹೊಲಿದಿದ್ದೇನೆ
ಭೋಸರಿಯ ಶೆಡ್ಡಿನಲ್ಲಿ, ಸಾಲಿನ ಮೂರನೇ ಮಷಿನ್ನು ನನ್ನದು.
ಇಬ್ಬರು ಮಲಗುವುದು, ನಾಲ್ವರದು, ಮಂಜಿನ ಸೀಮೆಯದು,
ಯಾವುದರ ಒಳಗೂ ಕಾಲು ಚಾಚಿದವಳಲ್ಲ.
ನನಗದು ಬಟ್ಟೆ, ಅಷ್ಟೇ:
ತೊಡೆಯ ಮೇಲಿಂದ ಜಾರುವ ಹಸಿರು,
ಸೂಜಿಯ ಕೆಳಗೆ ಚಿರ್ರನೆ ಓಡುವ ಅಂಚು.
ಮಾಡು ಯಾವುದು, ನೆಲ ಯಾವುದು
ತುಂಡಿನ ನಂಬರು ನೋಡಿ ಹೇಳುತ್ತಿದ್ದೆ.

ಈ ದೀಪಾವಳಿಗೆ ಬೋನಸ್ಸು ಅರ್ಧ. ಉಳಿದರ್ಧಕ್ಕೆ
ಭೀಮಾಶಂಕರದ ಕಾಡು, ಒಂದು ರಾತ್ರಿ.
‘ನಿಮ್ಮ ಕೈಯ ಮಾಲು ಹೇಗೆ ನಿಲ್ಲುತ್ತದೆ ನೋಡಿ ಬನ್ನಿ’
ಎಂದರು ಘಾಟ್‌ಪಾಂಡೆ ಸಾಹೇಬರು.
‘ರೊಕ್ಕ ಕೇಳಿದ್ರ ಗುಡ್ಡ ತೋರಸ್ತಾನ’ ಅಂದಳು ಚಂಪಾ ಮಾವಶಿ,
ಅವಳ ಮರಾಠಿ ನನ್ನ ಕಿವಿಯಲ್ಲಿ ಇಂಡಿಯ ಮಾತಾಗಿಯೇ ಬೀಳುತ್ತದೆ.
ಆದರೂ ಬಂದಳು, ಡಬ್ಬಿ ತುಂಬ ಚಕ್ಕುಲಿ ಹಿಡಿದು.

ಘೋಡೆಗಾಂವ್ ದಾಟಿದ ಮೇಲೆ ಟೆಂಪೋ ಏದುಸಿರು ಬಿಟ್ಟಿತು.
ಆಮೇಲೆ ನಡಿಗೆ.
ಮುಂದೆ ಧೊಂಡೂ, ಪಕ್ಕದ ವಾಡಿಯ ಹುಡುಗ,
ಅವನ ಕಾಲಿಗೆ ಒಂದೊಂದು ಕಲ್ಲೂ ಪರಿಚಯ.
ನಮ್ಮ ಕಾಲಿಗೆ ಗೊತ್ತಿದ್ದದ್ದು ಪೆಡಲು ಮಾತ್ರ.
ಬಲಗಾಲು ಬಲಿತಿದೆ ನನಗೆ, ಎಡದ್ದು ಸೋಮಾರಿ;
ಏರಿನುದ್ದಕ್ಕೂ ಎರಡೂ ಜಗಳಾಡಿಕೊಂಡು ಬಂದವು.

‘ಇದು ಅಳಲೆ ಮರ. ಇದರ ಕಾಯಿ ಮಾರಿ
ಅವ್ವ ನನಗೆ ಈ ಬೂಟು ಕೊಡಿಸಿದಳು’ ಎಂದ.
ಮರ ನೋಡಲಿಲ್ಲ, ಬೂಟು ನೋಡಿದೆ.
ಹಿಮ್ಮಡಿಯ ಹತ್ತಿರ ಹೊಲಿಗೆ ಬಿಟ್ಟಿತ್ತು.
ಕುಬುಸದ ಅಂಚಿನಿಂದ ಸೂಜಿ ಕಿತ್ತೆ,
‘ಬಿಚ್ಚು’ ಎಂದೆ. ನಾಚಿಕೊಂಡು ಬಿಚ್ಚಿದ.

ಗುಡಾರ ನಿಲ್ಲಿಸಿದವನೂ ಅವನೇ.
ನಾವು ಏಳು ಹೆಂಗಸರು ಸುಮ್ಮನೆ ನಿಂತಿದ್ದೆವು,
ಹೊಲಿಯಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ!
ಬೆಂಕಿ ಹಾಕುವಂತಿಲ್ಲ ಅಲ್ಲಿ. ತಣ್ಣನೆಯ ರೊಟ್ಟಿ, ಅಗಸಿ ಹಿಂಡಿ.
ಎಲ್ಲ ಬಾಡಿಗೆಗೆ ಸುತ್ತಿ ಹಳತಾದ ಗುಡಾರಗಳು,
ಯಾರ‍್ಯಾರದೋ ಬೆವರಿನ ವಾಸನೆ, ಯಾರದೋ ಮಗುವಿನ ಬಣ್ಣದ ಗೆರೆ.

ಟಾರ್ಚು ಹಚ್ಚಿ ಅಂಗಾತ ಮಲಗಿದೆ.
ಇದು ಹಮೀದಾಳ ಕೈ: ಮೂಲೆಯಲ್ಲಿ ಎರಡು ಸಲ ಹಿಂದೆ ಹೋಗಿ ಬರುತ್ತಾಳೆ,
ಬೀಗ ಹಾಕಿ ಮತ್ತೊಮ್ಮೆ ಜಗ್ಗಿ ನೋಡುವವಳ ಹಾಗೆ.
ಇದು ಚಂಪಾಳದು, ಬೈಯುತ್ತ ಹೊಲಿದದ್ದು, ಒತ್ತು ಹೆಚ್ಚು.
ಮುಖದ ನೇರಕ್ಕೆ, ಅಗೋ,
ನಾಲ್ಕು ಬೆರಳಿನಷ್ಟು ನೂಲು ಬೇರೆಯೇ ಹಸಿರು.
ಅದು ನನ್ನದು. ಬಣ್ಣದ ರೀಲು ಮುಗಿದಿತ್ತು ಆ ದಿನ,
ಗೇಟಿನಲ್ಲಿ ಲಾರಿ ಹಾರ್ನು ಹೊಡೆಯುತ್ತಿತ್ತು.
ಯಾರು ಮಲಗಿಕೊಂಡು ಮಾಡು ನೋಡುತ್ತಾರೆ, ಅಂದುಕೊಂಡಿದ್ದೆ.

ಟಾರ್ಚು ಆರಿಸಿದೆ. ಹೊರಗೆ ಏನೋ ನಡೆಯಿತು.
ನಿಂತಿತು. ಮೂಸಿತು. ಹಂದಿಯೋ, ವಾಡಿಯ ನಾಯಿಯೋ.
ಕತ್ತಲಲ್ಲಿ ಕೈ ಎತ್ತಿ ಹೊಲಿಗೆ ಮುಟ್ಟಿದೆ:
ಅಂಗುಲಕ್ಕೆ ಎಂಟು.
ಎಂಟರ ಆಚೆ ಇಡೀ ಕಾಡು.
ಎಷ್ಟು ಜನ ಈ ಎಂಟರ ಮೇಲೆ ಜೀವ ಇಟ್ಟು
ಗೊರಕೆ ಹೊಡೆದರೋ, ನನಗೊಂದು ಮಾತೂ ಹೇಳದೆ.
ಚಂಪಾ ಮಾತ್ರ ನಿದ್ದೆಯಲ್ಲೂ ಸಾಹೇಬರನ್ನು ಬೈಯುತ್ತಿದ್ದಳು.

ಬೆಳಗ್ಗೆ ನೇರಳೆಯ ತುದಿಯಲ್ಲಿ ಕೆಂದಳಿಲು,
ಬಾಲವೇ ಒಂದು ಮೊಳ.
ಗೂಡು ಐದಾರು ಕಟ್ಟುತ್ತದಂತೆ,
ಮಲಗುವುದು ಒಂದರಲ್ಲಿ. ಧೊಂಡೂ ಹೇಳಿದ.
‘ನೂಲೂ ಬೇಡ ಅದಕ್ಕ, ಸೂಪರ್‌ವೈಸರೂ ಬೇಡ’ ಅಂದಳು ಮಾವಶಿ.

ಇಬ್ಬನಿಗೆ ಒದ್ದೆಯಾದ ಬಟ್ಟೆ ಮಡಿಸುವಾಗ
ಆ ನಾಲ್ಕು ಬೆರಳು ಬಿಚ್ಚಿ ಸರಿ ಮಾಡಬಹುದಿತ್ತು.
ಸೂಜಿ ಇತ್ತು, ಹೊತ್ತೂ ಇತ್ತು.
ಬಿಟ್ಟೆ.

ಸೋಮವಾರ ಮಷಿನ್ನಿಗೆ ಕೂತೆ.
ಎಡಗಾಲು ನೋಯುತ್ತಿತ್ತು.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಅದಕ್ಕೂ ಹೇಳಲು ಏನೋ ಇತ್ತು.