ಪದಪಟ್ಟಿ

ದಿನಕ್ಕೆ ನಾಲ್ಕು ಪದ, ಅಂದರು ಶಾಕಿರಾ ಮಿಸ್.
ನಾಟಕ ಓದುತ್ತ ಗೆರೆ ಎಳೀರಿ,
ಅರ್ಥ ನಿಮ್ಮೂರ ಮಾತಲ್ಲೇ ಬರೀರಿ.

ಅರಸೀಕೆರೆ ಬಿಟ್ಟ ಪ್ಯಾಸೆಂಜರ್‌ನಲ್ಲಿ
ಮೊಣಕಾಲ ಮೇಲೆ ನೋಟ್‌ಬುಕ್ಕು.

ಹಿಸ್ಟೀರಿಯಾ: ಒಬ್ಬಳು ನಡುಗಿದರೆ ಬೆಂಚಿಗೆ ಬೆಂಚೇ ನಡುಗುವುದು.
ಡೆಪೊಸಿಷನ್: ಹೇಳಿಕೆ.
ನಮ್ಮಲ್ಲಿ ಮೈಮೇಲೆ ಬಂದವರು ಕೊಡುವುದೂ ಹೇಳಿಕೆಯೇ,
ಅದಕ್ಕೆ ಅಡ್ಡಪ್ರಶ್ನೆ ಇಲ್ಲ.
ವಿಚ್: ಡಿಕ್ಷನರಿ ತೆಗೆಯಲಿಲ್ಲ.

ಬಾಣಾವರ ಹತ್ತಿರಾಗುವಾಗ
ಪುಟದೊಳಗಿನ ಹುಡುಗಿಯರು ಬೆರಳೆತ್ತಿದರು,
ನನ್ನ ಬೆರಳು ಪೆನ್ನಿಗಂಟಿತು.

ಎಂಟು ವರ್ಷ ನನಗಾಗ. ಹಾಲು ಚೆಲ್ಲಿದ್ದು ನಾನೇ.
ಅಮ್ಮನ ಕೈಲಿ ಸೌಟು ಕಂಡು ಅಂದೆ:
ಕೆಂಚಮ್ಮಜ್ಜಿ ಹಿಂಗೆ ನೋಡಿದ್ಲು, ಚೊಂಬು ತಾನೇ ಉರುಳ್ತು.

ಅಷ್ಟೇ ಅಂದದ್ದು. ಮಿಕ್ಕಿದ್ದು ಊರು ಅಂದಿತು.
ಡೈರಿ ಸಾಲಲ್ಲಿ ಈಗಲೂ ಅವಳ ಕ್ಯಾನಿನ ಹಿಂದೆ
ಎರಡಾಳು ಜಾಗ ಖಾಲಿ.

ನಾಲ್ಕನೇ ಪದ ರಿಕ್ಯಾಂಟ್.
ಆಡಿದ್ದನ್ನು ವಾಪಸ್ ತಗೊಳ್ಳೋದು, ಅಂದಿದ್ದರು ಮಿಸ್.
ನಮ್ಮೂರಲ್ಲಿ ಇದಕ್ಕೆ ಪದವಿಲ್ಲ, ಗಾದೆಯಿದೆ:
ಮಾತು ಆಡಿದರೆ ಹೋಯ್ತು.

ಎದುರಿನ ಜಾಗ ಹಾಗೇ ಬಿಟ್ಟು
ನೋಟ್‌ಬುಕ್ಕು ಮುಚ್ಚಿದೆ.

ಡೈರಿ ಬಾಗಿಲು ತೆರೆಯೋದು
ಬೆಳಿಗ್ಗೆ ಆರಕ್ಕೆ.